‘ಮೂಮೂ’: ಒಂಟಿ ಒಡೆಯನೂ ಅವನ ನಾಯಿಯೂ

ರುಷ್ಯ ದೇಶದ ಕಥೆಗಾರ ಇವಾನ್ ತುರ್ಗೆನೆವ್ (1818–1883) ಬರೆದ ಕಥೆಗಳಲ್ಲಿ ‘ಮೂಮೂ’ ಎಂಬುದು ಗಾತ್ರದಲ್ಲಿ ಚಿಕ್ಕದು; ಅದರ ವಸ್ತುವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಕಿವಿ ಕೇಳದ, ಮಾತು ಬಾರದ ಜೀತದಾಳೊಬ್ಬನು ಹೊಳೆಯ ಕೆಸರಿನಲ್ಲಿ ಸಾಯುತ್ತಿದ್ದ ನಾಯಿಮರಿಯನ್ನು ಎತ್ತಿ ತಂದು ಸಾಕುತ್ತಾನೆ. ವರ್ಷವೊಂದು ಕಳೆದ ಮೇಲೆ, ಯಜಮಾನಿತಿಯ ಅಪ್ಪಣೆಯಾಗಲು, ತನ್ನ ಕೈಯಿಂದಲೇ ಅದನ್ನು ಅದೇ ಹೊಳೆಯಲ್ಲಿ ಮುಳುಗಿಸಿ, ಅಂದೇ ರಾತ್ರಿ ಯಾರ ಅಪ್ಪಣೆಯೂ ಇಲ್ಲದೆ ನಡೆದು ತನ್ನ ಹಳ್ಳಿಯನ್ನು ಸೇರುತ್ತಾನೆ. ರುಷ್ಯದ ಶಾಲೆಗಳಲ್ಲಿ ಮಕ್ಕಳು ತಲೆಮಾರುಗಳಿಂದ ಓದಿಕೊಂಡು ಬಂದಿರುವ ಕಥೆ ಇದು. ಓದಿದ ಮಕ್ಕಳೆಲ್ಲರೂ ಕೇಳುವ ಪ್ರಶ್ನೆಯೂ ಒಂದೇ: ಹೇಗೂ ಹೊರಟುಹೋಗುವವನು ನಾಯಿಯನ್ನು ಜೊತೆಯಲ್ಲಿ ಏಕೆ ಕರೆದುಕೊಂಡು ಹೋಗಲಿಲ್ಲ? ಕೊಂದೇ ಏಕೆ ಹೋಗಬೇಕಾಗಿತ್ತು?

ಮಕ್ಕಳ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಥೆಯ ಬೆಲೆಯೆಲ್ಲ ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆಯೇ ನಿಂತಿದೆ. ಉತ್ತರವಿಲ್ಲದಿದ್ದರೆ ‘ಮೂಮೂ’ ಕಣ್ಣೀರು ತರಿಸುವ ಒಂದು ಜಾಣ ಕಥೆ. ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ಮನುಷ್ಯನಿಗೂ ಅವನ ನಾಯಿಗೂ ಇರುವ ನಂಟನ್ನು ಕುರಿತ ಬರವಣಿಗೆಯಲ್ಲಿ ಕಣ್ಣೀರು ಅಗ್ಗವಾದ ಸರಕು. ಓದುವವರು ಅಳುವುದಕ್ಕೆ ಸಿದ್ಧರಾಗಿಯೇ ಬಂದಿರುತ್ತಾರೆ. ತುರ್ಗೆನೆವನು ಆ ಸರಕನ್ನು ಮಾರಿದನೋ, ಅಥವಾ ಬೇರೊಂದನ್ನು ಕಂಡನೋ ಎಂಬುದು ವಿಚಾರಿಸಬೇಕಾದ ವಿಷಯ.

ಕಥೆಯ ಹುಟ್ಟನ್ನು ಮೊದಲು ಹೇಳಬೇಕು. 1852ರಲ್ಲಿ ಗೊಗೊಲ್ ತೀರಿಕೊಂಡಾಗ ತುರ್ಗೆನೆವನು ಬರೆದ ಶ್ರದ್ಧಾಂಜಲಿಯು ಸರಕಾರಕ್ಕೆ ಹಿಡಿಸಲಿಲ್ಲ. ಅವನನ್ನು ಪೀಟರ್ಸ್‌ಬರ್ಗಿನಲ್ಲಿ ಒಂದು ತಿಂಗಳು ಸೆರೆಯಲ್ಲಿಟ್ಟು, ಆಮೇಲೆ ಅವನ ಸ್ವಂತ ಜಮೀನಿಗೆ ಕಳುಹಿಸಿ ಅಲ್ಲಿಂದ ಕದಲದಂತೆ ಮಾಡಿದರು. ‘ಮೂಮೂ’ ರಚಿತವಾದುದು ಆ ಸೆರೆಯ ದಿನಗಳಲ್ಲಿ. ಅಚ್ಚಾದುದು 1854ರಲ್ಲಿ, ‘ಸೊವ್ರೆಮೆನ್ನಿಕ್’ ಎಂಬ ಪತ್ರಿಕೆಯಲ್ಲಿ. ಜೀತಪದ್ಧತಿಯು ರುಷ್ಯದಲ್ಲಿ ಕೊನೆಗೊಂಡದ್ದು 1861ರಲ್ಲಿ. ಕಥೆಯ ಯಜಮಾನಿತಿಯ ಹಿಂದೆ ನಿಂತಿರುವವಳು ತುರ್ಗೆನೆವನ ತಾಯಿ ವಾರ್ವಾರಾ ಪೆಟ್ರೋವ್ನಾ. 1850ರಲ್ಲಿ ತೀರಿಕೊಂಡ ಈಕೆ ತನ್ನ ಆಳುಗಳನ್ನೂ ಮಕ್ಕಳನ್ನೂ ಒಂದೇ ಕೋಲಿನಿಂದ ಆಳಿದವಳು. ಅವಳ ಮನೆಯಲ್ಲಿ ಆಂದ್ರೇಯ್ ಎಂಬ ಮೂಗನಾದ ಆಳು ನಿಜವಾಗಿಯೂ ಇದ್ದನು. ಅವನು ನಾಯಿಯನ್ನು ಸಾಕಿದ್ದೂ, ಒಡತಿಯ ಮಾತಿನಂತೆ ಅದನ್ನು ಮುಳುಗಿಸಿದ್ದೂ ನಿಜ. ಆದರೆ ಆಂದ್ರೇಯ್ ಎಲ್ಲಿಗೂ ಹೋಗಲಿಲ್ಲ. ನಾಯಿಯನ್ನು ಕೊಂದ ಮೇಲೆಯೂ ಅವನು ಒಡತಿಯ ಊಳಿಗದಲ್ಲಿಯೇ ಉಳಿದು ಅವಳಿಗೆ ನಿಷ್ಠನಾಗಿಯೇ ಬಾಳಿದನೆಂದು ಆ ಮನೆಯಲ್ಲಿ ಬೆಳೆದ ಹೆಣ್ಣುಮಗಳೊಬ್ಬಳು ತನ್ನ ಸ್ಮರಣೆಗಳಲ್ಲಿ ಬರೆದಿದ್ದಾಳೆ. ಹಾಗಾದುದರಿಂದ ನಾಯಿಯ ಸಾವನ್ನು ಲೋಕವೇ ಕೊಟ್ಟಿತು. ಗೆರಾಸಿಮನು ಹೊರಟುಹೋದದ್ದು ಮಾತ್ರ ಕವಿಯ ಸೃಷ್ಟಿ. ವಿಮರ್ಶಕನ ಕಣ್ಣು ಮೊದಲು ಬೀಳಬೇಕಾದುದು ಈ ಕೂಡಿಕೆಯ ಮೇಲೆ.

ಗೆರಾಸಿಮನ ಒಂಟಿತನವನ್ನು ತುರ್ಗೆನೆವನು ಕಟ್ಟುವ ಬಗೆ ಗಮನಾರ್ಹವಾದುದು. ಅವನು ದೈತ್ಯನಂಥ ಆಳು. ನಾಲ್ವರ ಕೆಲಸವನ್ನು ಒಬ್ಬನೇ ಮಾಡುವವನು. ಹಳ್ಳಿಯ ಹೊಲದಲ್ಲಿ ಅವನು ಒಂಟಿಯಲ್ಲ, ಬರಿಯ ಮೂಗ ಅಷ್ಟೆ. ಮಾಸ್ಕೋ ನಗರಕ್ಕೆ ತಂದು, ಕೈಗೆ ಪೊರಕೆ ಕೊಟ್ಟು, ಅಂಗಳ ಗುಡಿಸಲು ನಿಲ್ಲಿಸಿದ ದಿನ ಅವನು ಒಂಟಿಯಾಗುತ್ತಾನೆ. ಒಂಟಿತನವು ಇಲ್ಲಿ ಹುಟ್ಟಿನಿಂದ ಬಂದ ಕೊರತೆಯಲ್ಲ. ಒಬ್ಬರು ಇನ್ನೊಬ್ಬರನ್ನು ಕಿತ್ತು ಬೇರೆಡೆ ನೆಟ್ಟದ್ದರ ಫಲ. ಆ ಅಂಗಳದಲ್ಲಿ ಅವನ ಮನಸ್ಸು ತಾತ್ಯಾನಾ ಎಂಬ ಅಗಸಗಿತ್ತಿಯ ಮೇಲೆ ನಿಲ್ಲುತ್ತದೆ. ಅವಳು ಅವನಿಗೆ ಅಂಜುವವಳು. ಯಜಮಾನಿತಿಯು ಒಂದು ದಿನ ಸುಮ್ಮನೆ ಹೊತ್ತು ಹೋಗದೆ, ತಾತ್ಯಾನಾಳನ್ನು ಕುಡುಕನಾದ ಮೋಚಿಯೊಬ್ಬನಿಗೆ ಕಟ್ಟಿಬಿಡುವುದೆಂದು ಗೊತ್ತುಮಾಡುತ್ತಾಳೆ. ಮದುವೆ ಕೆಟ್ಟು, ಮೋಚಿ ಇನ್ನಷ್ಟು ಕುಡಿದು, ಗಂಡಹೆಂಡಿರಿಬ್ಬರನ್ನೂ ದೂರದ ಹಳ್ಳಿಗೆ ಅಟ್ಟುವಾಗ, ಗೆರಾಸಿಮನು ಅವಳಿಗಾಗಿ ವರ್ಷದ ಹಿಂದೆ ಕೊಂಡಿಟ್ಟಿದ್ದ ಕೆಂಪು ವಸ್ತ್ರವನ್ನು ಕೊಟ್ಟು, ಬಂಡಿಯ ಜೊತೆಯಲ್ಲಿ ಒಂದಿಷ್ಟು ದೂರ ನಡೆದು ಹಿಂದಿರುಗುತ್ತಾನೆ. ಹಿಂದಿರುಗುವ ಆ ದಾರಿಯಲ್ಲಿಯೇ ಹೊಳೆಯ ಕೆಸರಿನಲ್ಲಿ ಮರಿ ಕಣ್ಣಿಗೆ ಬೀಳುತ್ತದೆ.

ಇದರಿಂದಲೇ ಅನೇಕರು, ನಾಯಿಯು ಹೆಣ್ಣಿನ ಸ್ಥಾನದಲ್ಲಿ ಬಂದು ನಿಂತಿತು, ಮನುಷ್ಯಪ್ರೀತಿ ದೊರೆಯದವನು ಪ್ರಾಣಿಯ ಪ್ರೀತಿಯಿಂದ ತೃಪ್ತನಾದನು ಎಂದು ಅರ್ಥಮಾಡುತ್ತಾರೆ. ಒಂಟಿಯಾದವರು ನಾಯಿಯನ್ನು ಹಚ್ಚಿಕೊಂಡರೆ ಲೋಕವೆಲ್ಲ ಹೇಳುವ ಮಾತೂ ಇದೇ. ಮಕ್ಕಳಿಲ್ಲದವರಿಗೆ ಮಗುವಿನ ಬದಲು, ಹೆಂಡತಿ ಸತ್ತವನಿಗೆ ಹೆಂಡತಿಯ ಬದಲು. ಇಂಥ ಮಾತಿನಲ್ಲಿ ಕನಿಕರವೂ ಇದೆ, ಸ್ವಲ್ಪ ತಾತ್ಸಾರವೂ ಇದೆ. ಕಥೆಯನ್ನು ಎಚ್ಚರದಿಂದ ಓದಿದರೆ ತುರ್ಗೆನೆವನು ಈ ಮಾತಿಗೆ ಒಪ್ಪಿಗೆ ಕೊಟ್ಟಂತೆ ಕಾಣುವುದಿಲ್ಲ. ತಾತ್ಯಾನಾಳ ವಿಷಯದಲ್ಲಿ ಗೆರಾಸಿಮನು ಬೇಡುವವನು. ಉಡುಗೊರೆ ಹಿಡಿದು ಕಾಯುವವನು. ತನ್ನ ಗಾತ್ರದಿಂದಲೇ ಅವಳನ್ನು ಹೆದರಿಸುವವನು. ಮರಿಯ ವಿಷಯದಲ್ಲಿ ಅವನು ಕೊಡುವವನು. ನಡುಗುವ ಮರಿಯನ್ನು ಹಾಸಿಗೆಯ ಮೇಲಿಟ್ಟು ಹೊದಿಸಿ, ಕುಡಿಯಲು ತಿಳಿಯದ ಅದರ ಮೂತಿಯನ್ನು ಹಾಲಿಗೆ ಮುಟ್ಟಿಸಿ ಕಲಿಸುತ್ತಾನೆ. ಈ ಎರಡು ನಂಟುಗಳ ಜಾತಿಯೇ ಬೇರೆ. ಹೆಣ್ಣು ಸಿಕ್ಕಿದ್ದರೂ ಅವನಿಗೆ ಇಂಥದು ಸಿಕ್ಕುತ್ತಿತ್ತೆಂದು ಹೇಳಲಾಗದು.

ಬದಲಿನ ವಾದವನ್ನು ಪೂರ್ತಿಯಾಗಿ ಕೆಡವುವುದು ನಾಯಿಯ ಹೆಸರು. ಗೆರಾಸಿಮನ ಬಾಯಿಂದ ಹೊರಡಬಲ್ಲ ಸದ್ದು ಒಂದೇ, ಹಸುವಿನ ಕೂಗಿನಂಥ ಅಸ್ಪಷ್ಟ ಧ್ವನಿ. ಆ ಸದ್ದು ಕೇಳಿದರೆ ಮಂದಿ ಬೆಚ್ಚುವರು. ಮೂಗರಿಗೆ ತಮ್ಮ ಸದ್ದು ಇತರರ ಲಕ್ಷ್ಯವನ್ನು ಸೆಳೆಯುವುದೆಂದು ಗೊತ್ತೆಂದು ಕಥೆಗಾರನೇ ಸೂಚಿಸುತ್ತಾನೆ. ಆ ಸದ್ದನ್ನೇ ಅವನು ನಾಯಿಗೆ ಹೆಸರಾಗಿ ಇಡುತ್ತಾನೆ. ಮನೆಯ ಆಳುಗಳೆಲ್ಲ ಆ ಹೆಸರನ್ನು ಎತ್ತಿಕೊಂಡು, ಮುದ್ದಿನ ರೂಪವನ್ನೂ ಮಾಡಿಕೊಂಡು ನಾಯಿಯನ್ನು ಕರೆಯತೊಡಗುತ್ತಾರೆ. ಅದುವರೆಗೆ ಗೆರಾಸಿಮನ ಬಾಯಿಂದ ಬಂದದ್ದು ಬರಿಯ ಸದ್ದು. ನಾಯಿಯ ದೆಸೆಯಿಂದ ಅದು ಪದವಾಯಿತು, ನಾಲ್ಕು ಜನ ಆಡುವ ಮಾತಾಯಿತು. ಮೂಗನು ಆ ಮನೆಯ ಭಾಷೆಗೆ ಕೊಟ್ಟ ಒಂದೇ ಒಂದು ಶಬ್ದ ಅವನ ನಾಯಿಯ ಹೆಸರು. ಒಂಟಿಯಾದವನಿಗೆ ನಾಯಿಯಿಂದ ದೊರೆತದ್ದು ಕೇವಲ ಸಂಗವಲ್ಲ, ಮಾತು. ಇದು ಯಾವ ಹೆಣ್ಣಿನ, ಯಾವ ಮಗುವಿನ ಬದಲೂ ಅಲ್ಲ.

ಇನ್ನೊಂದು ವ್ಯಾಖ್ಯಾನವು ರುಷ್ಯದಲ್ಲಿಯೇ ಹುಟ್ಟಿತು. ಕಥೆಯನ್ನು ಅಚ್ಚಿಗೆ ಮೊದಲೇ ಓದಿದ ಇವಾನ್ ಅಕ್ಸಾಕೊವನು, ಗೆರಾಸಿಮನೆಂದರೆ ರುಷ್ಯದ ಜನವೇ, ಅದರ ಬಲ ಮತ್ತು ಅದರ ಸಹನೆಗಳ ಮೂರ್ತಿಯೇ ಎಂದು ಅಭಿಪ್ರಾಯಪಟ್ಟನು. ಈ ಅರ್ಥಕ್ಕೆ ಕಥೆಯಲ್ಲಿ ಎಡೆಯಿದೆ. ಆದರೂ ಇದನ್ನೇ ಪೂರ್ಣಾರ್ಥವೆಂದು ಹಿಡಿದರೆ ನಾಯಿಗೆ ಏನು ಅರ್ಥ ಉಳಿಯಿತು? ಗೆರಾಸಿಮನು ಜನವಾದರೆ ಮೂಮೂ ಏನಾಗಬೇಕು? ಸಂಕೇತದ ಲೆಕ್ಕದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಬೆಳಗ್ಗೆ ಒಡೆಯನ ಅಂಗಿಯ ಚುಂಗನ್ನು ಎಳೆದು ಎಬ್ಬಿಸುವುದು, ನೀರು ಹೊರುವ ಮುದಿ ಕುದುರೆಯನ್ನು ಲಗಾಮು ಹಿಡಿದು ಕರೆತರುವುದು, ಅವನ ಪೊರಕೆ ಸಲಿಕೆಗಳ ಹತ್ತಿರ ಯಾರನ್ನೂ ಸುಳಿಯಗೊಡದಿರುವುದು, ಅವನು ಸೌದೆ ಹೊತ್ತು ಒಡತಿಯ ಮನೆಯೊಳಕ್ಕೆ ಹೋದರೆ ಹೊಸ್ತಿಲಾಚೆಗೆ ಕಾಲಿಡದೆ ಕಿವಿ ನಿಮಿರಿಸಿ ಕಾಯುತ್ತಿರುವುದು: ಇವುಗಳಲ್ಲಿ ಯಾವುದೂ ಸಂಕೇತಕ್ಕೆ ಬೇಕಾದದ್ದಲ್ಲ. ನಾಯಿ ಸಾಕಿದವನು ಮಾತ್ರ ಬರೆಯಬಲ್ಲ ವಿವರಗಳಿವು. ತುರ್ಗೆನೆವನು ಬೇಟೆಗಾರನಾಗಿದ್ದುದು ಇಲ್ಲಿ ಕಥೆಗಾರನಾಗಿದ್ದುದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದೆ.

ಇನ್ನು ಆ ಕೊಲೆಯ ವಿಚಾರ. ಒಂದು ದಿನ ಯಜಮಾನಿತಿಯು ಕಿಟಕಿಯಿಂದ ಮೂಮೂವನ್ನು ಕಂಡು ಒಳಕ್ಕೆ ತರಿಸುತ್ತಾಳೆ. ನಾಯಿ ಹಲ್ಲು ಕಿಸಿಯುತ್ತದೆ. ನಾಯಿಯನ್ನು ತೊಲಗಿಸಬೇಕೆಂದು ಅಪ್ಪಣೆಯಾಗುತ್ತದೆ. ಪಾರುಪತ್ಯಗಾರ ಗವ್ರೀಲಾ ಅದನ್ನು ಕದ್ದು ಮಾರಿಸುತ್ತಾನೆ. ಅದು ಕೊರಳಲ್ಲಿ ಹಗ್ಗದ ತುಂಡಿನೊಡನೆ ಹಿಂದಿರುಗುತ್ತದೆ. ಗೆರಾಸಿಮನು ಅದನ್ನು ಕೋಣೆಯಲ್ಲಿ ಬಚ್ಚಿಡುತ್ತಾನೆ. ನಾಯಿ ಬೊಗಳಿದರೆ ಹೊರಕ್ಕೆ ಕೇಳುವುದೆಂಬುದು ಕಿವುಡನಿಗೆ ಹೊಳೆಯುವುದಿಲ್ಲ. ಒಡೆಯನ ಒಂದು ಕೊರತೆಯೇ ನಾಯಿಗೆ ಮೃತ್ಯುವಾಗುತ್ತದೆ. ಆಳುಗಳೆಲ್ಲ ಅವನ ಬಾಗಿಲಿಗೆ ಮುತ್ತಿಗೆ ಹಾಕುತ್ತಾರೆ. ಪಾರುಪತ್ಯಗಾರನು ಸನ್ನೆಯಿಂದ ಒಡತಿಯ ಅಪ್ಪಣೆಯನ್ನು ತಿಳಿಸುತ್ತಾನೆ. ಆಗ ಗೆರಾಸಿಮನು ತನ್ನ ಕೊರಳ ಸುತ್ತ ಕುಣಿಕೆಯನ್ನು ಎಳೆದಂತೆ ಸನ್ನೆಮಾಡಿ, ಎದೆಯನ್ನು ತಟ್ಟಿಕೊಂಡು, ಆ ಕೆಲಸವನ್ನು ತಾನೇ ಮಾಡುವೆನೆಂದು ಒಪ್ಪಿಕೊಳ್ಳುತ್ತಾನೆ.

ಈ ಸನ್ನೆಯು ಕಥೆಯ ಕೀಲು. ಗುಂಪಿನ ಕೈಗೆ ನಾಯಿಯನ್ನು ಒಪ್ಪಿಸಿದ್ದರೆ ಅವನು ನಾಯಿಯನ್ನು ಎರಡು ಸಲ ಕಳೆದುಕೊಳ್ಳುತ್ತಿದ್ದನು: ಒಮ್ಮೆ ಸಾವಿಗೆ, ಒಮ್ಮೆ ಅವರಿಗೆ. ಜೀತದಾಳಿನ ಸ್ವತ್ತೆಂಬುದು ಒಡೆಯರ ದಯೆಯ ಮೇಲೆ ನಿಂತದ್ದು. ಅವನ ದೇಹವೇ ಅವನದಲ್ಲ, ನಾಯಿ ಹೇಗೆ ಅವನದಾದೀತು? ನಾಯಿಯ ಸಾವನ್ನು ತನ್ನ ಕೈಗೆ ತೆಗೆದುಕೊಂಡಾಗಲೇ ಅವನು ಅದರ ಒಡೆಯನಾಗುವುದು. ಘೋರವಾದ ಮಾತಿದು, ಆದರೆ ಕಥೆಯು ಘೋರವಾದ ಈ ಮಾತನ್ನೇ ಹೇಳುತ್ತಿದೆ. ಸನ್ನೆಯಿಂದ ಕೊಟ್ಟದ್ದಾದರೂ ಅದು ಮಾತು. ಮಾತು ಬಾರದವನು ಕೊಟ್ಟ ಮಾತು ಹೆಚ್ಚು ಭಾರವಾದುದು. ಅವನು ಮಾತು ಕೊಟ್ಟರೆ ನಡೆಸುವವನೆಂದು ಆ ಮನೆಯ ಆಳುಗಳೂ ಬಲ್ಲರು. ನಾಯಿಯೊಡನೆ ಓಡಿಹೋಗಿದ್ದರೆ ಅವನು ಕದ್ದ ಮಾಲಿನೊಡನೆ ಓಡಿದ ಆಳಾಗುತ್ತಿದ್ದನು. ಒಡತಿಯ ಅಧಿಕಾರವು ಅವನನ್ನು ಹಳ್ಳಿಯವರೆಗೂ ಹಿಂಬಾಲಿಸುತ್ತಿತ್ತು. ಕೊನೆಯ ಅಪ್ಪಣೆಯನ್ನು ಕೊನೆಯ ಅಕ್ಷರದವರೆಗೂ ನಡೆಸಿದವನಿಗೆ ಇನ್ನು ಸಲ್ಲಿಸಬೇಕಾದದ್ದೇನೂ ಉಳಿಯಲಿಲ್ಲ. ಒಡತಿಯು ಅವನಿಂದ ಕಿತ್ತುಕೊಳ್ಳಬಹುದಾದದ್ದೂ ಉಳಿಯಲಿಲ್ಲ. ನಿಜವಾದ ಆಂದ್ರೇಯನ ವಿಧೇಯತೆಯಿಂದ ಗೆರಾಸಿಮನ ನಡಿಗೆಯನ್ನು ತುರ್ಗೆನೆವನು ಪಡೆದ ಬಗೆ ಇದು. ಮಕ್ಕಳ ಪ್ರಶ್ನೆಗೆ ಉತ್ತರವೂ ಇದೇ. ಮಕ್ಕಳಿಗೆ ಅದು ಸಮಾಧಾನ ಕೊಡಲಾರದೆಂಬುದು ಬೇರೆ ಮಾತು.

ಕೊಲೆಯ ಪ್ರಕರಣವನ್ನು ತುರ್ಗೆನೆವನು ನಡೆಸಿರುವ ರೀತಿ ಮೆಚ್ಚತಕ್ಕುದು. ಗೆರಾಸಿಮನು ಹಬ್ಬದ ಉಡುಪನ್ನು ತೊಡುತ್ತಾನೆ. ಖಾನಾವಳಿಯಲ್ಲಿ ಮಾಂಸ ಹಾಕಿದ ಎಲೆಕೋಸಿನ ಸಾರನ್ನು ತರಿಸಿ, ಬ್ರೆಡ್ಡನ್ನು ಮುರಿದು ಹಾಕಿ, ಮಾಂಸವನ್ನು ಸಣ್ಣಗೆ ಕತ್ತರಿಸಿ ನಾಯಿಯ ಮುಂದಿಡುತ್ತಾನೆ. ಎರಡು ಹನಿ ಕಣ್ಣೀರು ಬೀಳುತ್ತವೆ, ಒಂದು ನಾಯಿಯ ಹಣೆಯ ಮೇಲೆ, ಒಂದು ಸಾರಿನೊಳಕ್ಕೆ. ಲೆಕ್ಕ ಹಿಡಿದಂತೆ ಎರಡೇ ಹನಿ. ಇಡೀ ಕಥೆಯಲ್ಲಿ ಗೆರಾಸಿಮನ ಕಣ್ಣೀರಿಗೆ ಕೊಟ್ಟ ಎಡೆ ಅಷ್ಟೇ. ಆಮೇಲೆ ಕಟ್ಟುತ್ತಿದ್ದ ಮನೆಯೊಂದರ ಬಳಿ ಎರಡು ಇಟ್ಟಿಗೆಗಳನ್ನು ಎತ್ತಿಕೊಂಡು, ದೋಣಿಯೇರಿ, ನಗರವು ಹಿಂದೆ ಸರಿಯುವವರೆಗೆ ಹುಟ್ಟು ಹಾಕುತ್ತಾನೆ. ನಾಯಿಯು ಭಯವಿಲ್ಲದೆ ಬಾಲವನ್ನಾಡಿಸುತ್ತ ಅವನನ್ನು ನೋಡುತ್ತಿರುವಾಗ, ಮುಖ ತಿರುಗಿಸಿ, ಕಣ್ಣು ಮುಚ್ಚಿ, ಕೈಗಳನ್ನು ಬಿಡುತ್ತಾನೆ. ಅದರ ಕೊನೆಯ ಕೂಗಾಗಲಿ ನೀರಿನ ಸದ್ದಾಗಲಿ ಅವನಿಗೆ ಕೇಳಲಿಲ್ಲ, ಕಿವುಡನಾದುದರಿಂದ. ಓದುಗನಿಗೆ ಮಾತ್ರ ಅವೆರಡೂ ಕೇಳುತ್ತವೆ. ಆರಂಭದಿಂದ ಶರೀರದ ಕೊರತೆಯಾಗಿ ಬಂದ ಕಿವುಡುತನವು ಇಲ್ಲಿಗೆ ಬಂದು ಬೇರೆ ಅರ್ಥವನ್ನು ತಾಳುತ್ತದೆ. ಇದನ್ನು ಕರುಣೆಯೆನ್ನಬೇಕೋ ಶಿಕ್ಷೆಯೆನ್ನಬೇಕೋ ಕಥೆಗಾರನು ಹೇಳಹೋಗಿಲ್ಲ, ಹೇಳದಿರುವುದೇ ಸರಿ.

ದೋಷಗಳೂ ಇಲ್ಲದಿಲ್ಲ. ಮೋಚಿಯ ಕುಡಿತವನ್ನೂ ಆಳುಗಳ ಹರಟೆಯನ್ನೂ ಕುರಿತ ಭಾಗಗಳು ಅಗತ್ಯಕ್ಕೆ ಮೀರಿ ಬೆಳೆದಿವೆ. ಯಜಮಾನಿತಿಯ ಚಿತ್ರದಲ್ಲಿ ಮಗನ ಹಳೆಯ ಕೋಪವು ಅಲ್ಲಲ್ಲಿ ಕಲೆಗಾರನ ಕೈಯನ್ನು ನೂಕಿದೆ. ಆಕೆಯೂ ಒಂಟಿಯೇ, ಮಕ್ಕಳು ದೂರವಾದ, ನಿದ್ದೆ ಬಾರದ ಮುದುಕಿ. ಇಬ್ಬರು ಒಂಟಿಗಳ ನಡುವೆ ಒಂದು ನಾಯಿ ಎಂಬ ಸಾಧ್ಯತೆಯು ಕಥೆಯಲ್ಲಿ ಮಿಂಚಿ ಮಾಯವಾಗುತ್ತದೆ. ಆಕೆ ನಾಯಿಯನ್ನು ಒಳಕ್ಕೆ ಕರೆಸಿದ್ದು ಮುದ್ದಾಡಲೆಂದೇ ಅಲ್ಲವೆ? ಈ ಎಳೆಯನ್ನು ತುರ್ಗೆನೆವನು ಹಿಡಿದು ನಡೆಸಿದ್ದರೆ ಕಥೆಗೆ ಇನ್ನೂ ಆಳ ಬರುತ್ತಿತ್ತು.

ಅಪ್ಪಣೆಯಾದಾಗ ನಾಯಿಯನ್ನು ಬಿಡದೆ ನಿಂತವನೊಬ್ಬನ ಕಥೆ ಭಾರತೀಯ ಓದುಗನಿಗೆ ಇಲ್ಲಿ ನೆನಪಾಗದಿರದು. ಮಹಾಪ್ರಸ್ಥಾನಿಕ ಪರ್ವದಲ್ಲಿ ಯುಧಿಷ್ಠಿರನು ಹಸ್ತಿನಾವತಿಯಿಂದ ಹೊರಟಾಗ ನಾಯಿಯೊಂದು ಹಿಂಬಾಲಿಸುತ್ತದೆ. ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಉಳಿದವರು ಅವರಿಬ್ಬರೇ. ರಥವನ್ನು ತಂದ ಇಂದ್ರನು ನಾಯಿಯನ್ನು ಬಿಡೆಂದಾಗ ಅವನು ಸ್ವರ್ಗವನ್ನೇ ಬಿಡಲು ಸಿದ್ಧನಾಗುತ್ತಾನೆ. ಅವನು ಮುಂದಿಡುವ ಕಾರಣ ಆನೃಶಂಸ್ಯ. ವಿಶೇಷವೆಂದರೆ ಹಳಗನ್ನಡದ ಭಾರತಕ್ಕೆ ಈ ನಾಯಿ ಬರಲೇ ಇಲ್ಲ. ಪಂಪನ ಕಾವ್ಯವು (941) ಅರ್ಜುನನ ಪಟ್ಟಾಭಿಷೇಕಕ್ಕೆ ನಿಲ್ಲುತ್ತದೆ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದನು, ಉಳಿದ ಪರ್ವಗಳನ್ನು ಪೂರೈಸಿದವನು ತಿಮ್ಮಣ್ಣಕವಿ. ಯುಧಿಷ್ಠಿರನಿಗೂ ಗೆರಾಸಿಮನಿಗೂ ಇರುವ ಅಂತರವನ್ನು ಧರ್ಮಾಧರ್ಮಗಳ ಅಂತರವೆಂದು ತಿಳಿಯುವುದು ತಪ್ಪು. ಒಬ್ಬನು ರಾಜ್ಯವನ್ನು ಬಿಟ್ಟುಬಂದವನು, ಇಂದ್ರನ ಮುಂದೆ ಇಲ್ಲವೆನ್ನಬಲ್ಲವನು. ಇನ್ನೊಬ್ಬನಿಗೆ ಬಿಡುವುದಕ್ಕೂ ಏನೂ ಇರಲಿಲ್ಲ. ಅದೂ ಅಲ್ಲದೆ, ಭಾರತದ ನಾಯಿ ಕೊನೆಯಲ್ಲಿ ಧರ್ಮದೇವತೆಯಾಗಿ ಬಯಲಾಗುತ್ತದೆ. ಕೇಳುವವನ ಮನಸ್ಸಿನ ಭಾರ ಅಲ್ಲಿಗೆ ಇಳಿಯುತ್ತದೆ. ಮೂಮೂ ಕೊನೆಯವರೆಗೂ ನಾಯಿಯೇ.

ನಾಯಿಯು ನಾಯಿಯಾಗಿಯೇ ಗೌರವ ಪಡೆದದ್ದು ಕನ್ನಡನಾಡಿನಲ್ಲಿ ಕಾವ್ಯದಲ್ಲಲ್ಲ, ಕಲ್ಲಿನಲ್ಲಿ. ಪಂಪನ ಕಾವ್ಯವಾದ ಹತ್ತು ವರ್ಷದೊಳಗೆ, 949–50ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಂತ ಶಾಸನವು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಒಡೆಯನು ಮೆಚ್ಚಿ ವರ ಬೇಡೆಂದಾಗ ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ, ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಮಣಲೆರನದು ಒಂಟಿಯ ನಂಟಲ್ಲ. ವೀರನೊಬ್ಬನು ವೀರನಿಗೆ ಸಲ್ಲಿಸಿದ ಮರ್ಯಾದೆ, ನಾಡೆಲ್ಲ ನೋಡುವಂತೆ ಸಲ್ಲಿಸಿದ್ದು. ನಾಯಿಗಾಗಿ ಕಲ್ಲು ನಿಲ್ಲಿಸಲು ಕಲ್ಲೂ ಬೇಕು, ನೆಲವೂ ಬೇಕು. ಗೆರಾಸಿಮನ ಬಳಿ ಇದ್ದದ್ದು ಎರವಲು ತಂದ ಎರಡು ಇಟ್ಟಿಗೆ.

ಆ ಎರಡು ಇಟ್ಟಿಗೆಗಳ ವರ್ಗಕ್ಕೆ ಸೇರಿದವನು ಕನ್ನಡದಲ್ಲಿ ಬರಬೇಕಾದರೆ 1967ರವರೆಗೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯವರೆಗೆ, ಕಾಯಬೇಕಾಯಿತು. ಸಿಂಬಾವಿಯ ಹೆಗ್ಗಡೆಯ ಜೀತದಾಳು ಗುತ್ತಿ. ಅವನ ನಾಯಿ ಹುಲಿಯ. ರುಷ್ಯದ ಜೀತವು ಸರಕಾರದ ಕಾನೂನಿನಿಂದ ಬಿಗಿದದ್ದು, ಮಲೆನಾಡಿನ ಜೀತವು ಸಾಲದಿಂದಲೂ ಜಾತಿಯ ಕಟ್ಟಳೆಯಿಂದಲೂ ಬಿಗಿದದ್ದು, ಎರಡನ್ನೂ ಒಂದೆನ್ನಲಾಗದು. ಆದರೂ ತನ್ನದೆಂದು ಹೇಳಿಕೊಳ್ಳಬಹುದಾದ ವಸ್ತು ಇಬ್ಬರಿಗೂ ಒಂದೇ. ಅಲ್ಲಿ ನಾಯಿಗೆ ಮನುಷ್ಯನ ಸದ್ದು ಹೆಸರಾದರೆ, ಇಲ್ಲಿ ಮನುಷ್ಯನಿಗೆ ನಾಯಿಯೇ ಹೆಸರಾಗಿದೆ. ಊರವರು ಅವನನ್ನು ಕರೆಯುವುದು ‘ನಾಯಿಗುತ್ತಿ’ ಎಂದು. ಅಣಕವಾಗಿ ಇಟ್ಟ ಆ ಹೆಸರನ್ನು ಗುತ್ತಿ ಬಿರುದಿನಂತೆ ಹೊತ್ತು ತಿರುಗುತ್ತಾನೆ.

ಎರಡು ಕೃತಿಗಳಲ್ಲಿಯೂ ನಾಯಿಯನ್ನು ಕೊಳ್ಳುವುದು ಹೊಳೆ. ಎರಡರಲ್ಲಿಯೂ ಅದರ ಸಾವು ಆಳಿನ ಬಿಡುಗಡೆಯ ಹೊತ್ತಿಗೇ ಬರುತ್ತದೆ. ತಿಮ್ಮಿಯನ್ನು ಹಾರಿಸಿಕೊಂಡು ಹೊರಟ ಗುತ್ತಿಯ ಹಿಂದೆಯೇ ಬಂದ ಹುಲಿಯನು, ತುಂಬಿದ ತುಂಗೆಯನ್ನು ಈಜಿ ದಾಟಲೆಳಸಿ ಕೊಚ್ಚಿಹೋಗುತ್ತಾನೆ. ಆದರೆ ಕ್ರಮವು ತಿರುಗುಮುರುಗು. ತುರ್ಗೆನೆವನಲ್ಲಿ ಹೆಣ್ಣು ಕೈತಪ್ಪಿದ ಸಂಜೆ ನಾಯಿ ದೊರೆಯುತ್ತದೆ. ಇಲ್ಲಿ ಹೆಣ್ಣು ದೊರೆತ ಮೇಲೆ ನಾಯಿ ಹೋಗುತ್ತದೆ. ಅಲ್ಲಿ ನಾಯಿಯು ಒಡೆಯನ ಕೈಯಲ್ಲಿ ಸುಮ್ಮನೆ ಕುಳಿತು ನಂಬುತ್ತದೆ. ಇಲ್ಲಿ ತಾನಾಗಿಯೇ ನೀರಿಗೆ ಬೀಳುತ್ತದೆ. ಕುವೆಂಪು ಅವರು ಹುಲಿಯನಿಗೆ ಒಂದು ಸಂಕಲ್ಪವನ್ನು ಕೊಟ್ಟಿದ್ದಾರೆ. ತುರ್ಗೆನೆವನು ಮೂಮೂವಿಗೆ ಅದನ್ನು ಕೊಡಲಿಲ್ಲ. ಈ ಒಂದು ವಿಷಯದಲ್ಲಿ ಕನ್ನಡದ ಕೃತಿಯು ರುಷ್ಯದ ಕೃತಿಗಿಂತ ಮುಂದೆ ಹೋಗಿದೆಯೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ. ದುಃಖದ ಬಿಗುವಿನಲ್ಲಿ ಮಾತ್ರ ತುರ್ಗೆನೆವನದೇ ಮೇಲುಗೈ. ದೊಡ್ಡ ಕಾದಂಬರಿಯ ನೂರು ಕವಲುಗಳ ನಡುವೆ ಹುಲಿಯನ ಸಾವು ಒಂದು ಕವಲು. ಗುತ್ತಿಯ ಮಗ್ಗುಲಲ್ಲಿ ತಿಮ್ಮಿ ಇದ್ದಾಳೆ.

ಗೆರಾಸಿಮನ ಮಗ್ಗುಲಲ್ಲಿ ಯಾರೂ ಇಲ್ಲ. ಹಳ್ಳಿಯನ್ನು ಸೇರಿದವನೇ ಅವನು ಕುಡುಗೋಲು ಹಿಡಿದು ಹುಲ್ಲು ಕೊಯ್ಯಲು ಇಳಿಯುತ್ತಾನೆ. ಅವನ ತೋಳಿನ ಬೀಸು ಕಂಡು ರೈತರು ಬೆರಗಾಗುತ್ತಾರೆ. ಯಜಮಾನಿತಿಯು ಮೊದಲು ಕೋಪಗೊಂಡು, ಆಮೇಲೆ ಅಂಥ ಕೃತಘ್ನನು ತನಗೆ ಬೇಡವೆಂದುಬಿಡುತ್ತಾಳೆ. ಸ್ವಲ್ಪ ಕಾಲದಲ್ಲಿಯೇ ಸಾಯುತ್ತಾಳೆ. ಅವನು ಮೊದಲಿನಂತೆಯೇ ಬಲಿಷ್ಠನಾಗಿ, ತನ್ನ ಗುಡಿಸಲಿನಲ್ಲಿ ಒಬ್ಬನೇ ಇದ್ದುಕೊಂಡಿದ್ದಾನೆ. ಹೆಂಗಸರ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ನಾಯಿಯನ್ನಂತೂ ಮತ್ತೆ ಸಾಕಲಿಲ್ಲ. ಅವನ ಗುಡಿಸಲಿಗೆ ಕಾವಲು ಬೇಕಾಗಿಯೂ ಇರಲಿಲ್ಲ, ಅಂಥ ತೋಳಿನವನ ಮನೆಗೆ ಯಾವ ಕಳ್ಳನು ನುಗ್ಗಿಯಾನೆಂದು ಊರವರು ಆಡಿಕೊಳ್ಳುವರು.